ದೊಡ್ಡಸ್ವಾಮಿಯ ಗ್ರಂಥ, ಸಾತಳ್ಳಿಯ ಗ್ರಾಮ: ಒಂದು ಕನ್ನಡ ಧರ್ಮಕೇಂದ್ರದ ಚರಿತ್ರೆಯನ್ನು ಕುರಿತು

1. ಪೀಠಿಕೆ

ಇಂಗ್ಲೆಂಡಿನ ಗ್ರಾಮಚರಿತ್ರೆಯಲ್ಲಿ ಪ್ಯಾರಿಷ್ ಎಂಬುದು ಮೂಲಭೂತ ಘಟಕ. ಒಂದು ಚರ್ಚು, ಅದರ ಪಾದ್ರಿ, ಅವನ ಹೊಣೆಗೆ ಒಳಪಟ್ಟ ಮನೆಗಳು ಮತ್ತು ಹೊಲಗದ್ದೆಗಳು ಸೇರಿ ಒಂದು ಪ್ಯಾರಿಷ್ ಆಗುತ್ತದೆ. ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಹೊರಡಿಸಿದ ಆಜ್ಞೆಯಂತೆ ಪ್ರತಿಯೊಂದು ಪ್ಯಾರಿಷ್ ತನ್ನಲ್ಲಿ ನಡೆದ ದೀಕ್ಷಾಸ್ನಾನ, ಮದುವೆ ಮತ್ತು ಶವಸಂಸ್ಕಾರಗಳನ್ನು ಪುಸ್ತಕವೊಂದರಲ್ಲಿ ದಾಖಲಿಸತೊಡಗಿತು. ಅರಸರ ಚರಿತ್ರೆಯಲ್ಲಿ ಎಂದೂ ಹೆಸರಿಸಲ್ಪಡದ ಒಕ್ಕಲಿಗ, ಕಮ್ಮಾರ, ಕೂಲಿಯಾಳು, ವಿಧವೆ, ಹುಟ್ಟಿದ ಮರುದಿನವೇ ತೀರಿಕೊಂಡ ಮಗು ಇವರೆಲ್ಲರೂ ಈ ಪುಸ್ತಕಗಳಲ್ಲಿ ಹೆಸರು ಮತ್ತು ದಿನಾಂಕಗಳೊಡನೆ ಉಳಿದುಬಂದಿದ್ದಾರೆ.

ಇಂತಹ ಒಂದು ಪ್ಯಾರಿಷ್‌ನ ಒಳಗಿನಿಂದ ಹುಟ್ಟಿದ ಪ್ರಸಿದ್ಧ ಕೃತಿ ಗಿಲ್ಬರ್ಟ್ ವೈಟನದು. ಹ್ಯಾಂಪ್‌ಷೈರಿನ ಸೆಲ್ಬೋರ್ನ್ ಎಂಬ ಸಣ್ಣ ಗ್ರಾಮದಲ್ಲಿ ಹುಟ್ಟಿ, ಅಲ್ಲಿಯೇ ಸಹಾಯಕ ಪಾದ್ರಿಯಾಗಿ ಸೇವೆ ಸಲ್ಲಿಸಿದ ಈತನು 1789ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆ ಗ್ರಾಮದ ಹಕ್ಕಿ, ಹುಳು, ಮಣ್ಣು, ಮಳೆಗಳನ್ನೂ ಪ್ರಾಚೀನ ಅವಶೇಷಗಳನ್ನೂ ವಿವರಿಸಿದನು. 1783ರಲ್ಲಿ ಸೆಲ್ಬೋರ್ನಿನಲ್ಲಿ 136 ವಸತಿಗಳೂ 676 ನಿವಾಸಿಗಳೂ ಇದ್ದರೆಂಬುದು ಅವನ ಗ್ರಂಥದಿಂದಲೇ ನಮಗೆ ತಿಳಿಯುತ್ತದೆ. ದೀಕ್ಷಾಸ್ನಾನ ಮತ್ತು ಶವಸಂಸ್ಕಾರಗಳ ಸರಾಸರಿಯನ್ನು ಆತ ಪ್ಯಾರಿಷ್ ಪುಸ್ತಕವನ್ನು ನೋಡಿಯೇ ಲೆಕ್ಕಹಾಕಿದ್ದನು.

ಸೆಲ್ಬೋರ್ನಿನ ಗ್ರಂಥ ಪ್ರಕಟವಾದ ಮೂರು ವರ್ಷಗಳ ತರುವಾಯ, 1792ರಲ್ಲಿ, ಮತ್ತೊಬ್ಬ ಪಾದ್ರಿ ಫ್ರಾನ್ಸಿನಿಂದ ಭಾರತಕ್ಕೆ ಹಡಗು ಹತ್ತಿದನು. ಮುಂದೆ ಎರಡು ದಶಕಗಳಿಗೂ ಮಿಕ್ಕ ಕಾಲ ಮೈಸೂರು ಸೀಮೆಯ ಕ್ರೈಸ್ತರ ಪಾಲಕನಾಗಿದ್ದ ಈತ ಬರೆದ ಗ್ರಂಥವು ಸೆಲ್ಬೋರ್ನಿನ ಗ್ರಂಥದಂತೆಯೇ ಜಗತ್ಪ್ರಸಿದ್ಧವಾಯಿತು. ಆದರೆ ಅದು ಆತನ ಗ್ರಾಮದ ಚರಿತ್ರೆಯಲ್ಲ. ಈತನೇ ಅಬ್ಬೆ ಝಾನ್ ಆಂತ್ವಾನ್ ದ್ಯುಬುವಾ. ಆತನು ಕಟ್ಟಿ ಬೆಳೆಸಿದ ಕೃಷಿವಸತಿಗಳಲ್ಲಿ ಮುಖ್ಯವಾದುದು ಹಾಸನದ ಸಮೀಪದ ಸಾತಳ್ಳಿ. ಗ್ರಂಥವು ವಿದ್ವತ್ ಲೋಕದಲ್ಲಿ ಎರಡು ಶತಮಾನಗಳಿಂದ ಓಡಾಡುತ್ತಿದ್ದರೂ ಗ್ರಾಮವು ಅದರ ನೆರಳಿನಲ್ಲಿಯೇ ಉಳಿದಿದೆ. ಈ ಗ್ರಂಥ ಮತ್ತು ಈ ಗ್ರಾಮಗಳ ನಡುವಿನ ಅಂತರವನ್ನು ಗುರುತಿಸುವುದು, ಅಂತಹ ಕನ್ನಡ ಧರ್ಮಕೇಂದ್ರವೊಂದರ ಚರಿತ್ರೆಯನ್ನು ಯಾವ ಆಕರಗಳಿಂದ ಬರೆಯಬಹುದೆಂಬುದನ್ನು ಸೂಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಪ್ಯಾರಿಷ್ ಎಂಬುದಕ್ಕೆ ಕನ್ನಡ ಕಥೋಲಿಕರಲ್ಲಿ ಬಳಕೆಯಲ್ಲಿರುವ ಧರ್ಮಕೇಂದ್ರ ಎಂಬ ಪದವನ್ನೇ ನಾವು ಮುಂದೆ ಬಳಸುತ್ತೇವೆ.

2. ಮೈಸೂರು ಮಿಷನ್ನಿನ ಹಿನ್ನೆಲೆ

ಹಳೆಯ ಮೈಸೂರು ಸೀಮೆಯ ಕ್ರೈಸ್ತ ಸಮುದಾಯಗಳನ್ನು ಬ್ರಿಟಿಷ್ ಆಳ್ವಿಕೆಯ ಫಲವೆಂದು ಭಾವಿಸುವ ವಾಡಿಕೆ ಕರ್ನಾಟಕದ ಹೊರಗೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಇಲ್ಲಿನ ಕಥೋಲಿಕ ಮಿಷನ್ ಹದಿನೇಳನೆಯ ಶತಮಾನದ ಮಧ್ಯಭಾಗದ್ದು. ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿಯು 1640ರ ದಶಕದ ಕೊನೆಯಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಈ ಮಿಷನ್ನಿಗೆ ಅಡಿಗಲ್ಲು ಹಾಕಿದನು. ಸ್ಥಳೀಯ ಸಂನ್ಯಾಸಿಗಳ ವೇಷ ಮತ್ತು ಆಹಾರಕ್ರಮಗಳನ್ನು ಅನುಸರಿಸಿ ಜನರ ನಡುವೆ ಬಾಳುವ ಕ್ರಮವನ್ನು ಇಲ್ಲಿಯ ಜೆಸ್ವಿಟರು ಕೈಗೊಂಡರು. ಚಿನ್ನಾಮಿಯು ಕನ್ನಡ ಕಲಿತು ವ್ಯಾಕರಣವನ್ನೂ ಧರ್ಮೋಪದೇಶದ ಗ್ರಂಥವನ್ನೂ ರಚಿಸಿದನೆಂಬುದು ಕನ್ನಡ ಭಾಷಾಧ್ಯಯನದ ದೃಷ್ಟಿಯಿಂದ ಮಹತ್ವದ ಸಂಗತಿ. ಈ ಕಾಲದ ಮಿಷನ್ನಿನ ಚರಿತ್ರೆಯನ್ನು ಡಿ. ಫೆರೋಲಿಯವರು ಪಾದ್ರಿಗಳ ಪತ್ರ ಮತ್ತು ವಾರ್ಷಿಕ ವರದಿಗಳ ಆಧಾರದಿಂದ ನಿರೂಪಿಸಿದ್ದಾರೆ. ಅವರ ಗ್ರಂಥವು 1955ರಲ್ಲಿ ಪ್ರಕಟವಾಯಿತು.

1773ರಲ್ಲಿ ಪೋಪರು ಜೆಸ್ವಿಟ್ ಸಂಘವನ್ನು ರದ್ದುಗೊಳಿಸಿದ ಮೇಲೆ ದಕ್ಷಿಣ ಭಾರತದ ಫ್ರೆಂಚ್ ಜೆಸ್ವಿಟರ ಕ್ಷೇತ್ರಗಳ ಹೊಣೆ ಪ್ಯಾರಿಸಿನ ವಿದೇಶ ಮಿಷನ್ ಸಂಸ್ಥೆಗೆ ಬಂದಿತು. ಅಷ್ಟರಲ್ಲಿ ಮೈಸೂರಿನ ರಾಜಕೀಯ ಸನ್ನಿವೇಶ ಬದಲಾಗಿತ್ತು. ಎರಡನೆಯ ಆಂಗ್ಲೋ-ಮೈಸೂರು ಯುದ್ಧದ ಕೊನೆಯಲ್ಲಿ, 1784ರಲ್ಲಿ, ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಹೀಗೆ ಸಾಗಿಸಲ್ಪಟ್ಟವರ ಸಂಖ್ಯೆಯ ಬಗ್ಗೆ ಆಕರಗಳಲ್ಲಿ ಒಮ್ಮತವಿಲ್ಲ. ದ್ಯುಬುವಾ ಸ್ವತಃ ಅರವತ್ತು ಸಾವಿರಕ್ಕೂ ಮಿಕ್ಕ ಸಂಖ್ಯೆಯನ್ನು ಹೇಳುತ್ತಾನೆ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದಾಗ ಚದುರಿಹೋಗಿದ್ದ, ಮತಾಂತರಕ್ಕೆ ಒಳಗಾಗಿದ್ದ, ಬಡತನದಲ್ಲಿದ್ದ ಕ್ರೈಸ್ತರನ್ನು ಮತ್ತೆ ಒಂದುಗೂಡಿಸುವ ಕಾರ್ಯಕ್ಕೆ ದ್ಯುಬುವಾನಿಗೆ ಕರೆ ಬಂದಿತು.

1766ರಲ್ಲಿ ದಕ್ಷಿಣ ಫ್ರಾನ್ಸಿನ ಆರ್ದೇಶ್ ಪ್ರಾಂತದ ಸೇಂಟ್ ರೆಮೇಜ್ ಎಂಬ ಹಳ್ಳಿಯಲ್ಲಿ ಹುಟ್ಟಿದ ದ್ಯುಬುವಾ ಪುದುಚೇರಿಯ ಮಾರ್ಗವಾಗಿ ದಕ್ಷಿಣ ಭಾರತವನ್ನು ಪ್ರವೇಶಿಸಿದ್ದನು. ಫ್ರೆಂಚ್ ಕ್ರಾಂತಿಯ ವರ್ಷಗಳಲ್ಲಿ ತಾಯ್ನಾಡನ್ನು ಬಿಟ್ಟ ಈ ಪಾದ್ರಿ ಇಂಗ್ಲಿಷ್ ಕಂಪನಿಯ ಅಧಿಕಾರಿಗಳ ವಿಶ್ವಾಸಕ್ಕೆ ಪಾತ್ರನಾದುದು ಆ ಕಾಲದ ಯೂರೋಪಿನ ರಾಜಕೀಯವನ್ನು ನೆನೆದರೆ ಕುತೂಹಲದ ಸಂಗತಿಯೇ ಸರಿ. ಶ್ರೀರಂಗಪಟ್ಟಣದ ಗಂಜಾಮಿನಲ್ಲಿರುವ ಚರ್ಚು ಇಂದಿಗೂ ಆತನ ಹೆಸರಿನಿಂದ ಗುರುತಿಸಲ್ಪಡುತ್ತದೆ. ಜನರು ಆತನನ್ನು ದೊಡ್ಡಸ್ವಾಮಿಯವರು ಎಂದು ಕರೆಯುತ್ತಿದ್ದರು. ಕ್ರೈಸ್ತ ಪಾದ್ರಿಗೆ ‘ಸ್ವಾಮಿ’ ಎಂಬ ಸಂಬೋಧನೆ ಮೈಸೂರು ಸೀಮೆಯ ಕಥೋಲಿಕರಲ್ಲಿ ಈಗಲೂ ಸಹಜ. ಚಿನ್ನಾಮಿಯ ಕಾಲದಿಂದ ಹರಿದುಬಂದ ಸಂನ್ಯಾಸಿ ಮಾದರಿಯು ಭಾಷೆಯಲ್ಲಿ ಉಳಿಸಿಹೋದ ಗುರುತು ಇದೆಂದು ನಮ್ಮ ಭಾವನೆ.

ದೊಡ್ಡಸ್ವಾಮಿಯ ಕಾರ್ಯಗಳಲ್ಲಿ ಎರಡನ್ನು ಆತನ ಗ್ರಂಥದ ಸಂಪಾದಕನಾದ ಹೆನ್ರಿ ಬೋಷಾಂ ವಿಶೇಷವಾಗಿ ಹೆಸರಿಸಿದ್ದಾನೆ. ಮೊದಲನೆಯದು, ನೆಲೆಯಿಲ್ಲದ ಕ್ರೈಸ್ತ ಕುಟುಂಬಗಳಿಗಾಗಿ ಸಾತಳ್ಳಿಯೇ ಮೊದಲಾದ ಕೃಷಿವಸತಿಗಳನ್ನು ಸ್ಥಾಪಿಸಿದುದು. ಎರಡನೆಯದು, ಸಿಡುಬಿನ ವಿರುದ್ಧ ಲಸಿಕೆಯ ಪ್ರಚಾರ. ಜೆನ್ನರನ ಲಸಿಕೆ ಭಾರತವನ್ನು ಮುಟ್ಟಿದ್ದು 1802ರಲ್ಲಿ, ಮುಂಬಯಿಯಲ್ಲಿ. ಮರುವರ್ಷವೇ ದ್ಯುಬುವಾ ಮೈಸೂರು ಸೀಮೆಯಲ್ಲಿ ಅದನ್ನು ಹಾಕಿಸತೊಡಗಿದನು. 1803-04ರ ಅವಧಿಯಲ್ಲಿ 25,432 ಮಂದಿಗೆ ಲಸಿಕೆಯಾಯಿತೆಂಬ ಲೆಕ್ಕ ಉಳಿದುಬಂದಿದೆ. ಸಿಡುಬನ್ನು ದೇವಿಯ ಬರವೆಂದು ಬಗೆದು ಮಾರಮ್ಮನಿಗೆ ಹರಕೆ ಹೊರುತ್ತಿದ್ದ ಗ್ರಾಮಗಳಲ್ಲಿ ಪರದೇಶದ ಪಾದ್ರಿಯೊಬ್ಬ ಇಷ್ಟು ಮಂದಿಯ ಒಪ್ಪಿಗೆ ಪಡೆದುದು ಹೇಗೆ ಎಂಬುದು ಸ್ವತಂತ್ರ ಅಧ್ಯಯನಕ್ಕೆ ಯೋಗ್ಯವಾದ ಪ್ರಶ್ನೆ. ಇಲ್ಲಿ ನಾವು ಗಮನಿಸಬೇಕಾದುದು ಇಷ್ಟೇ: ಲಸಿಕೆ ಹಾಕಿಸಿಕೊಂಡವರ ಸಂಖ್ಯೆ ಕೊನೆಯ ಅಂಕಿಯವರೆಗೂ ಉಳಿದಿದೆ, ಸಾತಳ್ಳಿಯಲ್ಲಿ ನೆಲೆನಿಂತವರ ಬದುಕು ಮುದ್ರಿತ ಚರಿತ್ರೆಯಲ್ಲಿ ಒಂದು ವಾಕ್ಯಕ್ಕಿಂತ ಹೆಚ್ಚು ಸ್ಥಳ ಪಡೆದಿಲ್ಲ.

3. ಗ್ರಂಥವು ಯಾವ ಗ್ರಾಮದ್ದು?

ಹಿಂದೂಗಳ ಆಚಾರ, ಸಂಪ್ರದಾಯ ಮತ್ತು ವಿಧಿಗಳನ್ನು ಕುರಿತು ದ್ಯುಬುವಾ ಸಿದ್ಧಪಡಿಸಿದ ಫ್ರೆಂಚ್ ಹಸ್ತಪ್ರತಿಯು ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನ ಮೆಚ್ಚುಗೆಯನ್ನು ಪಡೆಯಿತು. ಮದರಾಸಿನ ಗವರ್ನರ್ ವಿಲಿಯಂ ಬೆಂಟಿಂಕನ ಕಾಲದಲ್ಲಿ, 1807ರಲ್ಲಿ, ಕಂಪನಿಯು ಇದನ್ನು ಎರಡು ಸಾವಿರ ಸ್ಟಾರ್ ಪಗೋಡಗಳಿಗೆ ಖರೀದಿಸಿತು. ಇಂಗ್ಲಿಷ್ ಅನುವಾದವು 1816ರಲ್ಲಿ ಲಂಡನ್ನಿನಲ್ಲಿಯೂ, ಪರಿಷ್ಕೃತ ಫ್ರೆಂಚ್ ಮೂಲವು 1825ರಲ್ಲಿ ಪ್ಯಾರಿಸಿನಲ್ಲಿಯೂ ಅಚ್ಚಾದವು. ಪರಿಷ್ಕೃತ ಪ್ರತಿಯನ್ನು ಆಧರಿಸಿ ಬೋಷಾಂ ಸಿದ್ಧಪಡಿಸಿದ ಇಂಗ್ಲಿಷ್ ಆವೃತ್ತಿ 1897ರಲ್ಲಿ ಮ್ಯಾಕ್ಸ್ ಮ್ಯುಲರನ ಮುನ್ನುಡಿಯೊಡನೆ ಹೊರಬಂದಿತು. ಅಂದಿನಿಂದ ದಕ್ಷಿಣ ಭಾರತದ ಸಾಮಾಜಿಕ ಚರಿತ್ರೆಯನ್ನು ಬರೆಯುವವರು ಈ ಗ್ರಂಥವನ್ನು ಕಣ್ಣಾರೆ ಕಂಡವನ ಸಾಕ್ಷ್ಯವೆಂದು ಉದ್ಧರಿಸುತ್ತ ಬಂದಿದ್ದಾರೆ. ಲೇಖಕನು ಮೈಸೂರು ಸೀಮೆಯಲ್ಲಿ ಇದ್ದವನಾದುದರಿಂದ ಗ್ರಂಥದ ವಿವರಗಳು ಹತ್ತೊಂಬತ್ತನೆಯ ಶತಮಾನದ ಆರಂಭದ ಮೈಸೂರಿನವೇ ಎಂಬ ಊಹೆಯೂ ಇದರೊಡನೆ ಬೆರೆತಿದೆ.

ಈ ಊಹೆಯು ನಿಲ್ಲುವುದಿಲ್ಲ. ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯುರ್ ಅವರು 1987ರಲ್ಲಿ ಪ್ರಕಟಿಸಿದ ಎರಡು ಸಂಪುಟಗಳ ಅಧ್ಯಯನದಲ್ಲಿ ದ್ಯುಬುವಾನ ಗ್ರಂಥದ ಬಹುಭಾಗವು ಗಾಸ್ತೊನ್ ಲೊರಾಂ ಕ್ಯೂರ್ದು ಎಂಬ ಜೆಸ್ವಿಟ್ ಪಾದ್ರಿಯ ಬರಹವನ್ನು ಅವಲಂಬಿಸಿದೆಯೆಂದು ತೋರಿಸಿದ್ದಾರೆ. ಸಂಸ್ಕೃತಕ್ಕೂ ಗ್ರೀಕ್ ಲ್ಯಾಟಿನ್ ಭಾಷೆಗಳಿಗೂ ಇರುವ ಸಾದೃಶ್ಯವನ್ನು ವಿಲಿಯಂ ಜೋನ್ಸನಿಗಿಂತ ಮೊದಲೇ ಗುರುತಿಸಿದವನೆಂದು ಭಾಷಾಶಾಸ್ತ್ರಜ್ಞರಿಗೆ ಪರಿಚಿತನಾದ ಕ್ಯೂರ್ದು 1779ರಲ್ಲಿ ತೀರಿಕೊಂಡವನು. ತೆಲುಗು ಮತ್ತು ತಮಿಳು ಸೀಮೆಗಳಲ್ಲಿ ಬಾಳಿದವನು. ಆತನ ಬರಹವನ್ನು ದೆವೊ ಎಂಬ ಫ್ರೆಂಚ್ ಸೈನ್ಯಾಧಿಕಾರಿ 1777ರ ಸುಮಾರಿಗೆ ಸಿದ್ಧಗೊಳಿಸಿದ ಪ್ರತಿಯ ಮೂಲಕ ಮ್ಯುರ್ ಗುರುತಿಸಿದರು. ಹೀಗಾಗಿ ದ್ಯುಬುವಾನ ಹೆಸರಿನಲ್ಲಿ ನಾವು ಓದುತ್ತಿರುವ ಎಷ್ಟೋ ವಿವರಗಳು ಮೈಸೂರಿನವೂ ಅಲ್ಲ, ಆತನ ಕಾಲದವೂ ಅಲ್ಲ. ಕರಾವಳಿಯ ಮತ್ತು ಬಯಲುಸೀಮೆಯ ಬೇರೆ ಭಾಷೆಗಳ ಪ್ರದೇಶದಲ್ಲಿ ಒಂದು ತಲೆಮಾರು ಹಿಂದೆ ಕಂಡದ್ದು ಅದರಲ್ಲಿ ಸೇರಿದೆ.

ಇದನ್ನು ಕೇವಲ ಕೃತಿಚೌರ್ಯದ ಪ್ರಶ್ನೆಯೆಂದು ಎಣಿಸಿ ಬಿಟ್ಟುಬಿಡುವುದು ಸರಿಯಲ್ಲ. ಪಾದ್ರಿಗಳು ಹಿಂದಿನವರ ಹಸ್ತಪ್ರತಿಗಳನ್ನು ಪ್ರತಿಮಾಡಿಕೊಂಡು ಬೆಳೆಸುವ ರೂಢಿ ಆ ಕಾಲದಲ್ಲಿತ್ತು. ನಮಗೆ ಮುಖ್ಯವಾದುದು ಬರವಣಿಗೆಯ ಕ್ರಮ. ದ್ಯುಬುವಾ ಮೈಸೂರಿಗೆ ಬಂದ ಹೊಸದರಲ್ಲಿಯೇ, 1800-01ರಲ್ಲಿ, ಫ್ರಾನ್ಸಿಸ್ ಬುಕಾನನ್ ಈ ಸೀಮೆಯಲ್ಲಿ ಸಂಚರಿಸಿದನು. ಬುಕಾನನನದು ದಿನಚರಿಯ ಕ್ರಮ: ಇಂತಹ ದಿನ, ಇಂತಹ ಊರು, ಇಲ್ಲಿಯ ಬೆಳೆ, ಇಲ್ಲಿಯ ಕೂಲಿ, ಇಲ್ಲಿಯ ಜಾತಿಗಳು ತಮ್ಮ ಬಗ್ಗೆ ಹೇಳಿಕೊಂಡದ್ದು. ಕಾಲಿನ್ ಮೆಕೆಂಜಿಯ ಸರ್ವೆಯೂ ಅದೇ ವರ್ಷಗಳದು. ಆತನ ಸಹಾಯಕರು ಸಂಗ್ರಹಿಸಿದ ಊರೂರಿನ ಕೈಫಿಯತ್ತುಗಳಲ್ಲಿ ಕನ್ನಡದವನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿಕೊಟ್ಟಿದ್ದಾರೆ. ಈ ಎರಡರಲ್ಲಿಯೂ ಊರು ಕಾಣುತ್ತದೆ. ದ್ಯುಬುವಾನ ಗ್ರಂಥದಲ್ಲಿ ಕಾಣುವುದು ‘ಹಿಂದೂ’ ಎಂಬ ಊರಿಲ್ಲದ, ದಿನಾಂಕವಿಲ್ಲದ ಒಬ್ಬ ಮನುಷ್ಯ. ಹಾಸನದ ಹೊಲಗಳ ನಡುವೆ ಜನರನ್ನು ಹೆಸರುಹಿಡಿದು ಬಲ್ಲವನೇ ಗ್ರಂಥ ಬರೆಯುವಾಗ ಆ ಹೆಸರುಗಳನ್ನು ಹೊರಗಿಟ್ಟನು.

ಆತನ ಧರ್ಮಕೇಂದ್ರವು ಹೆಚ್ಚು ಸ್ಪಷ್ಟವಾಗಿ ಕಾಣುವುದು ಅಷ್ಟು ಪ್ರಸಿದ್ಧವಲ್ಲದ ಇನ್ನೊಂದು ಪುಸ್ತಕದಲ್ಲಿ. 1823ರ ಜನವರಿಯಲ್ಲಿ ಭಾರತವನ್ನು ಬಿಟ್ಟ ದ್ಯುಬುವಾ ಅದೇ ವರ್ಷ ಲಂಡನ್ನಿನಲ್ಲಿ ಭಾರತದ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ತನ್ನ ಪತ್ರಗಳನ್ನು ಪ್ರಕಟಿಸಿದನು. ಅಂದಿನ ಪರಿಸ್ಥಿತಿಯಲ್ಲಿ ಹಿಂದೂಗಳನ್ನು ಮತಾಂತರಿಸುವುದು ಅಸಾಧ್ಯವೆಂಬುದು ಅದರ ವಾದ. ಇಪ್ಪತ್ತೈದು ವರ್ಷಗಳ ದುಡಿಮೆಯಲ್ಲಿ ತಾನು ಗಳಿಸಿದ ಹೊಸ ವಿಶ್ವಾಸಿಗಳು ಇನ್ನೂರು ಮುನ್ನೂರಕ್ಕೆ ಮೀರಲಿಲ್ಲವೆಂದೂ, ಅವರಲ್ಲಿ ಮೂರರಲ್ಲಿ ಎರಡು ಪಾಲು ಅಸ್ಪೃಶ್ಯರು ಮತ್ತು ಭಿಕ್ಷುಕರೆಂದೂ ಆತ ಬಿಚ್ಚುಮಾತಿನಲ್ಲಿ ಹೇಳಿಕೊಂಡಿದ್ದಾನೆ. ಜೇಮ್ಸ್ ಹಫ್, ಹೆನ್ರಿ ಟೌನ್‌ಲೀ ಮೊದಲಾದ ಪ್ರಾಟೆಸ್ಟಂಟ್ ಪಾದ್ರಿಗಳು ಮರುವರ್ಷವೇ ಇದನ್ನು ಖಂಡಿಸಿ ಬರೆದರು. ಈ ವಾಗ್ವಾದದಲ್ಲಿ ಎರಡೂ ಕಡೆಯವರು ಆ ಜನರನ್ನು ಲೆಕ್ಕಕ್ಕೆ ಬಳಸಿಕೊಂಡರು. ಬರಗೆಟ್ಟು ಬಂದವರಾಗಲಿ, ಜಾತಿಯ ಹೊರಗಿನವರಾಗಲಿ, ಅವರಲ್ಲಿ ನೆಲ ಹಿಡಿದು ಉತ್ತವರು ಯಾರು, ಯಾರ ಮಗಳನ್ನು ಯಾರು ತಂದುಕೊಂಡರು, ಎಷ್ಟು ತಲೆಮಾರು ಅಲ್ಲಿಯೇ ನಿಂತರು ಎಂಬ ಪ್ರಶ್ನೆಗಳನ್ನು ಕೇಳಿದವರಿಲ್ಲ. ಗ್ರಾಮಚರಿತ್ರೆಯು ಆರಂಭವಾಗಬೇಕಾದುದು ಈ ಪ್ರಶ್ನೆಗಳಿಂದಲೇ.

4. ಗ್ರಾಮದ ಆಕರಗಳು

ಹಾಸನ ಸೀಮೆಯ ಗ್ರಾಮಗಳಿಗೆ ಆಕರಗಳ ಬಡತನವಿಲ್ಲ. ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹಾಸನ ಜಿಲ್ಲೆಯ ಸಂಪುಟ 1902ರಲ್ಲಿಯೇ ಹೊರಬಂದಿದೆ. ದತ್ತಿ, ಕೆರೆ, ಗದ್ದೆ, ತೆರಿಗೆ, ತುರುಗೋಳು, ವೀರಮರಣ ಇವೆಲ್ಲವನ್ನೂ ಕಲ್ಲು ಹೇಳುತ್ತದೆ. ಆದರೆ ಶಾಸನವು ಕೊಟ್ಟವನನ್ನೂ ಪಡೆದವನನ್ನೂ ನೆನೆಯುತ್ತದೆ, ಗದ್ದೆಯಲ್ಲಿ ದುಡಿದವನನ್ನು ನೆನೆಯುವುದು ವಿರಳ. ಶಾನುಭೋಗರ ಕಡತಗಳು ಮತ್ತು ಕಂದಾಯದ ಲೆಕ್ಕಗಳು ಹಿಡುವಳಿದಾರನನ್ನು ಬಲ್ಲವು, ಅವನ ಮನೆಯ ಹೆಂಗಸರನ್ನು ಅರಿಯವು. ಮೈಸೂರು ಸಂಸ್ಥಾನದ ಮೊದಲ ಕ್ರಮಬದ್ಧ ಜನಗಣತಿ ನಡೆದದ್ದು 1871ರಲ್ಲಿ. ಅದೂ ಮೊತ್ತಗಳ ಲೆಕ್ಕವೇ ಹೊರತು ವ್ಯಕ್ತಿಗಳ ಕಥನವಲ್ಲ.

ಧರ್ಮಕೇಂದ್ರದ ಪುಸ್ತಕಗಳು ಈ ಕೊರತೆಯನ್ನು ತುಂಬಬಲ್ಲವು. 1563ರ ಟ್ರೆಂಟ್ ಧರ್ಮಸಭೆಯ ನಿರ್ಣಯದಂತೆ ಕಥೋಲಿಕ ಪಾದ್ರಿಯು ದೀಕ್ಷಾಸ್ನಾನ ಮತ್ತು ಮದುವೆಗಳ ಪುಸ್ತಕಗಳನ್ನು ಇಡತಕ್ಕದ್ದು. 1614ರ ರೋಮನ್ ವಿಧಿಗ್ರಂಥವು ಇದಕ್ಕೆ ಮರಣದ ಪುಸ್ತಕವನ್ನೂ ಮನೆಮನೆಯ ವಿಶ್ವಾಸಿಗಳ ಪಟ್ಟಿಯನ್ನೂ ಸೇರಿಸಿತು. ದೀಕ್ಷಾಸ್ನಾನದ ಒಂದು ನಮೂದಿನಲ್ಲಿ ಮಗುವಿನ ಹೆಸರು, ದಿನಾಂಕ, ತಂದೆತಾಯಿ, ಧರ್ಮತಂದೆ ಮತ್ತು ಧರ್ಮತಾಯಿಯರ ಹೆಸರುಗಳು ಇರುತ್ತವೆ. ಮದುವೆಯ ನಮೂದಿನಲ್ಲಿ ವಧೂವರರ ಊರು ಮತ್ತು ಸಾಕ್ಷಿಗಳು ಸೇರುತ್ತಾರೆ. ಒಂದೊಂದು ನಮೂದು ಅಲ್ಪವಾದುದು. ಆದರೆ ಒಂದೇ ಕುಟುಂಬದ ಹುಟ್ಟು, ಮದುವೆ, ಸಾವುಗಳನ್ನು ಜೋಡಿಸುತ್ತ ಹೋದರೆ ಕುಟುಂಬದ ಚರಿತ್ರೆಯೂ, ಕುಟುಂಬಗಳನ್ನು ಜೋಡಿಸಿದರೆ ಗ್ರಾಮದ ಚರಿತ್ರೆಯೂ ರೂಪುಗೊಳ್ಳುತ್ತದೆ.

ಈ ವಿಧಾನವು ಫ್ರಾನ್ಸಿನಲ್ಲಿ ಪಕ್ವಗೊಂಡಿತು. ಲೂಯಿ ಆನ್ರಿಯು ಎತಿಯೆನ್ ಗೊತಿಯೇನೊಡನೆ ನಾರ್ಮಂಡಿಯ ಕ್ರ್ಯುಲೇ ಎಂಬ ಸಣ್ಣ ಧರ್ಮಕೇಂದ್ರದ ಪುಸ್ತಕಗಳಿಂದ ಅಲ್ಲಿಯ ಕುಟುಂಬಗಳನ್ನು ಪುನರ್‌ರಚಿಸಿ 1958ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಮಾದರಿಯಾಯಿತು. ಇಂಗ್ಲೆಂಡಿನಲ್ಲಿ ರಿಗ್ಲಿ ಮತ್ತು ಸ್ಕೋಫೀಲ್ಡ್ 404 ಪ್ಯಾರಿಷ್‌ಗಳ ನಮೂದುಗಳಿಂದ ಇಡೀ ದೇಶದ ಜನಸಂಖ್ಯೆಯ ಚರಿತ್ರೆಯನ್ನು 1981ರಲ್ಲಿ ನೀಡಿದರು. ಲೆಕ್ಕಗಳಷ್ಟೇ ಅಲ್ಲ, ಕಥನವೂ ಇಂತಹ ದಾಖಲೆಗಳಿಂದ ಹೊಮ್ಮಬಲ್ಲದು. ಲ ರುವಾ ಲಾದ್ಯುರೀಯು 1975ರಲ್ಲಿ ಬರೆದ ಮೊಂತಾಯು ಗ್ರಾಮದ ಚರಿತ್ರೆಗೆ ಆಧಾರವಾದುದು ಹದಿನಾಲ್ಕನೆಯ ಶತಮಾನದ ಬಿಷಪನೊಬ್ಬನ ವಿಚಾರಣೆಯ ಪುಸ್ತಕ. ಧರ್ಮಾಧಿಕಾರಿಯು ತನ್ನ ಕಾರ್ಯಕ್ಕಾಗಿ ಬರೆದಿಟ್ಟದ್ದನ್ನು ಚರಿತ್ರಕಾರನು ಗ್ರಾಮದ ಪರವಾಗಿ ಓದಿದನು.

ಕನ್ನಡ ಧರ್ಮಕೇಂದ್ರಗಳಿಗೆ ಈ ವಿಧಾನವನ್ನು ಅನ್ವಯಿಸುವಾಗ ಭಾಷೆಯ ತೊಡಕು ಮೊದಲು ಎದುರಾಗುತ್ತದೆ. ಎರಡನೆಯ ವ್ಯಾಟಿಕನ್ ಧರ್ಮಸಭೆಯ ತನಕ ಚರ್ಚಿನ ಅಧಿಕೃತ ಭಾಷೆ ಲ್ಯಾಟಿನ್. ಮೈಸೂರಿನ ಪಾದ್ರಿಗಳ ಮಾತೃಭಾಷೆ ಫ್ರೆಂಚ್. ಜನರ ಭಾಷೆ ಕನ್ನಡ. ಲ್ಯಾಟಿನ್ನಿನಲ್ಲಿ ಪೆತ್ರುಸ್ ಎಂದು ಬರೆಯಲ್ಪಡುವವನು ಊರಿನಲ್ಲಿ ರಾಯಪ್ಪ, ಪೌಲುಸ್ ಎಂಬವನು ಚಿನ್ನಪ್ಪ, ಯೊವಾನ್ನೆಸ್ ಎಂಬವನು ಅರುಳಪ್ಪ, ಇಗ್ನಾತಿಯುಸ್ ಎಂಬವನು ಇನ್ನಾಸಪ್ಪ, ಕ್ಸಾವೇರಿಯುಸ್ ಎಂಬವನು ಚೌರಪ್ಪ. ಈ ಸಮೀಕರಣಗಳನ್ನು ಅರಿಯದ ಸಂಶೋಧಕನು ಒಬ್ಬನನ್ನೇ ಇಬ್ಬರೆಂದೋ ಇಬ್ಬರನ್ನು ಒಬ್ಬನೆಂದೋ ಎಣಿಸುವ ಅಪಾಯವಿದೆ. ಈ ಹೆಸರುಗಳಲ್ಲಿ ಹಲವು ತಮಿಳು ಕಥೋಲಿಕರಲ್ಲಿಯೂ ಅಲ್ಪಸ್ವಲ್ಪ ವ್ಯತ್ಯಾಸದೊಡನೆ ಬಳಕೆಯಲ್ಲಿವೆ. ಇದರಿಂದ ಮಿಷನ್ನಿನ ಮಾರ್ಗಗಳು ಹೊಳೆಯುತ್ತವೆಯೇ ಹೊರತು ಹೆಸರು ತೊಟ್ಟವರ ತಾಯ್ನುಡಿ ನಿರ್ಧಾರವಾಗುವುದಿಲ್ಲ. ಹಾಸನ ಸೀಮೆಯ ಕಥೋಲಿಕರನ್ನು ಹೆಸರಿನಿಂದಷ್ಟೇ ತಮಿಳರೆಂದೋ ಕೊಂಕಣಿಗರೆಂದೋ ವರ್ಗೀಕರಿಸುವ ಬರಹಗಳು ಕರ್ನಾಟಕದ ಹೊರಗೆ ಕಾಣಸಿಗುವುದರಿಂದ ಈ ಮಾತನ್ನು ಒತ್ತಿಹೇಳಬೇಕಾಗಿದೆ.

ಪಾದ್ರಿಗಳು ಈ ಭಾಷಾಂತರವನ್ನು ನಿಭಾಯಿಸಲು ಮಾಡಿಕೊಂಡ ಸಿದ್ಧತೆಯೂ ಕನ್ನಡ ನಿಘಂಟಿನ ಚರಿತ್ರೆಯ ಭಾಗವೇ. ಮೈಸೂರಿನ ಮೊದಲ ವಿಕಾರ್ ಅಪೊಸ್ತೊಲಿಕ್ ಆಗಿದ್ದ ಷಾರ್ಬೊನೊ ಬಿಷಪರ ಕಾಲದಲ್ಲಿ, 1855ರಲ್ಲಿ, ಕನ್ನಡ-ಲ್ಯಾಟಿನ್ ನಿಘಂಟು ಬೆಂಗಳೂರಿನಲ್ಲಿ ಮುದ್ರಣಗೊಂಡಿತು. 1894ರ ಕಿಟೆಲ್ ನಿಘಂಟಿನ ಪ್ರಭೆಯಲ್ಲಿ ಮಸುಕಾಗಿರುವ ಈ ಕೃತಿಯು ಧರ್ಮಕೇಂದ್ರದ ಪುಸ್ತಕಗಳನ್ನು ಓದುವವರಿಗೆ ಕೈದೀವಿಗೆಯಾಗಬಲ್ಲದು.

ಇಂತಹ ಪುಸ್ತಕಗಳಿಂದ ಏನನ್ನು ಪಡೆಯಬಹುದೆಂಬುದಕ್ಕೆ ಒಂದೇ ಉದಾಹರಣೆ ಸಾಕು. 1871ರ ಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. 1881ರಲ್ಲಿ ಅದು 41,86,188. ನಡುವೆ 1876-78ರ ಮಹಾಕ್ಷಾಮ ಹಾದುಹೋಗಿತ್ತು. ಎರಡು ಮೊತ್ತಗಳ ನಡುವಣ ಸುಮಾರು ಎಂಟು ಲಕ್ಷ ಎಪ್ಪತ್ತು ಸಾವಿರದ ಅಂತರವು ಕ್ಷಾಮದ ಗಾತ್ರವನ್ನು ತಿಳಿಸುತ್ತದೆ. ಅದರ ನಡೆಯನ್ನು ತಿಳಿಸುವುದಿಲ್ಲ. ಒಂದು ಗ್ರಾಮದಲ್ಲಿ ಸಾವು ಯಾವ ತಿಂಗಳಿನಲ್ಲಿ ಏರಿತು, ಮೊದಲು ಹೋದವರು ಮಕ್ಕಳೇ ಮುದುಕರೇ, ಎಷ್ಟು ಕಾಲ ಮದುವೆಗಳು ನಿಂತುಹೋದವು, ತಬ್ಬಲಿಗಳಿಗೆ ಧರ್ಮತಂದೆಯಾಗಿ ನಿಂತವರು ಯಾರು, ಮತ್ತೆ ಹುಟ್ಟುಗಳು ಹೆಚ್ಚತೊಡಗಿದ್ದು ಯಾವಾಗ ಎಂಬುದನ್ನು ಮರಣ, ಮದುವೆ ಮತ್ತು ದೀಕ್ಷಾಸ್ನಾನಗಳ ಪುಸ್ತಕಗಳನ್ನು ಒಟ್ಟಿಗೆ ಓದಿದಾಗಲೇ ಹೇಳಲು ಸಾಧ್ಯ. ಕ್ಷಾಮವನ್ನು ಕುರಿತು ಇಂದು ನಮ್ಮಲ್ಲಿರುವುದು ಸರ್ಕಾರದ ವರದಿಗಳು ಮತ್ತು ಜನಪದರ ನೆನಪುಗಳು. ಇವೆರಡರ ನಡುವಣ ಸ್ಥಳವನ್ನು ಇಂತಹ ದಾಖಲೆ ತುಂಬೀತು.

ಇದರ ಮಿತಿಯನ್ನೂ ಹೇಳಬೇಕು. ಧರ್ಮಕೇಂದ್ರದ ಪುಸ್ತಕವು ತನ್ನ ವಿಶ್ವಾಸಿಗಳನ್ನು ಮಾತ್ರ ಬಲ್ಲದು. ಪಕ್ಕದ ಕೇರಿಯ ಒಕ್ಕಲಿಗ, ಲಿಂಗಾಯತ, ಮುಸ್ಲಿಂ ಮನೆಗಳು ಅದರಲ್ಲಿ ಇರುವುದಿಲ್ಲ. ಇಂಗ್ಲೆಂಡಿನ ಪ್ಯಾರಿಷ್ ಪುಸ್ತಕವು ಬಹುಮಟ್ಟಿಗೆ ಇಡೀ ಊರಿನ ಪುಸ್ತಕವಾಗಿದ್ದರೆ, ಕರ್ನಾಟಕದ ಧರ್ಮಕೇಂದ್ರದ್ದು ಊರಿನ ಒಂದು ಭಾಗದ ಪುಸ್ತಕ. ಆದುದರಿಂದ ಸೆಲ್ಬೋರ್ನಿನ ಮಾದರಿಯನ್ನು ಹಾಗೆಯೇ ಎತ್ತಿ ಹಾಸನಕ್ಕೆ ತರಲು ಬರುವುದಿಲ್ಲ. ಕಂದಾಯದ ಕಡತ, ಶಾಸನ, ಮೌಖಿಕ ಪರಂಪರೆಗಳೊಡನೆ ಹೊಂದಿಸಿ ಓದಿದಾಗ ಮಾತ್ರ ಅದು ಗ್ರಾಮಚರಿತ್ರೆಯಾಗುತ್ತದೆ.

5. ಮುಳುಗಿದ ಊರು

ಈ ಕೆಲಸಕ್ಕೆ ಏಕೆ ಅವಸರವೆಂಬುದನ್ನು ಅದೇ ಹಾಸನ ಸೀಮೆಯ ಶೆಟ್ಟಿಹಳ್ಳಿಯು ತೋರಿಸುತ್ತದೆ. ಹೇಮಾವತಿಯ ದಂಡೆಯ ಈ ಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಗಾಥಿಕ್ ಶೈಲಿಯ ರೋಸರಿ ಚರ್ಚನ್ನು ಕಟ್ಟಿಸಿದರು. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಸುಮಾರು 37 ಟಿಎಂಸಿ ನೀರು ಹಿಡಿಯುವ ಜಲಾಶಯದ ಹಿನ್ನೀರಿನಲ್ಲಿ ಹಲವು ಹಳ್ಳಿಗಳು ಮುಳುಗಿದವು. ಶೆಟ್ಟಿಹಳ್ಳಿಯ ಜನರು ಊರನ್ನು ತೊರೆದು ಬೇರೆಡೆ ನೆಲೆಸಿದರು. ಚರ್ಚಿನ ಕಟ್ಟಡ ಮಾತ್ರ ಅಲ್ಲಿಯೇ ಉಳಿಯಿತು. ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಮೇಲೆದ್ದು ನಿಲ್ಲುವ ಆ ಪಾಳು ಗೋಡೆಗಳು ಈಗ ಪ್ರವಾಸಿಗಳ ಆಕರ್ಷಣೆಯಾಗಿವೆ.

ಜನಪ್ರಿಯ ಬರಹಗಳಲ್ಲಿ ಈ ಚರ್ಚನ್ನು ಅಬ್ಬೆ ದ್ಯುಬುವಾ ಕಟ್ಟಿಸಿದನೆಂದು ಹೇಳುವುದುಂಟು. ದ್ಯುಬುವಾ ಮೈಸೂರು ಸೀಮೆಯನ್ನು ಬಿಟ್ಟು ಹೊರಟ ಮೇಲೆ ಮತ್ತೆ ಇತ್ತ ಬರಲಿಲ್ಲ. ಪ್ಯಾರಿಸಿನಲ್ಲಿ ತನ್ನ ಸಂಸ್ಥೆಯ ಮುಖ್ಯಸ್ಥನೂ ಆಗಿದ್ದು 1848ರಲ್ಲಿ ತೀರಿಕೊಂಡನು. ಆತನ ಮರಣಕ್ಕೂ ಚರ್ಚಿನ ನಿರ್ಮಾಣಕ್ಕೂ ನಡುವೆ ಹನ್ನೆರಡು ವರ್ಷಗಳಿಗೆ ಕಡಿಮೆಯಿಲ್ಲದ ಅಂತರವಿದೆ. ಹೀಗಿದ್ದೂ ಆತನ ಹೆಸರು ಅಲ್ಲಿಗೆ ಅಂಟಿಕೊಂಡಿರುವುದು ಅರ್ಥಪೂರ್ಣವಾಗಿದೆ. ಪ್ರಸಿದ್ಧ ಗ್ರಂಥಕರ್ತನ ಹೆಸರು ಸುತ್ತಣ ಎಲ್ಲ ಧರ್ಮಕೇಂದ್ರಗಳ ಚರಿತ್ರೆಯನ್ನೂ ತನ್ನೊಳಗೆ ಎಳೆದುಕೊಳ್ಳುತ್ತದೆ. ಸುಣ್ಣ ಅರೆದವರು, ಕಲ್ಲು ಹೊತ್ತವರು, ಆ ಗೋಡೆಗಳ ನಡುವೆ ಮದುವೆಯಾದವರು ಮರೆಯಾಗುತ್ತಾರೆ. ಸಾತಳ್ಳಿಯನ್ನು ಗ್ರಂಥವು ಮರೆಮಾಡಿದಂತೆ ಶೆಟ್ಟಿಹಳ್ಳಿಯನ್ನು ಕಟ್ಟಡದ ಛಾಯಾಚಿತ್ರವು ಮರೆಮಾಡಿದೆ.

ಇದೇ ಹೇಮಾವತಿಯ ತೀರದ ಬದುಕನ್ನು ಗೊರೂರು ರಾಮಸ್ವಾಮಿ ಅಯ್ಯಂಗಾರರು ತಮ್ಮ ಹಳ್ಳಿಯ ಚಿತ್ರಗಳಲ್ಲಿ ಕನ್ನಡಿಗರಿಗೆ ಪರಿಚಯಿಸಿದರು. ಇನ್ನೊಂದು ಮೈಸೂರು ಗ್ರಾಮವು ಸಮಾಜಶಾಸ್ತ್ರದಲ್ಲಿ ನೆಲೆಗೊಂಡುದು ದೆಹಲಿಯ ನಂಟಿನಿಂದ. 1959ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗವನ್ನು ಸ್ಥಾಪಿಸಿದ ಎಂ. ಎನ್. ಶ್ರೀನಿವಾಸರು ರಾಂಪುರವೆಂದು ಕರೆದ ಗ್ರಾಮದಲ್ಲಿ 1948ರಲ್ಲಿ ಕ್ಷೇತ್ರಕಾರ್ಯ ನಡೆಸಿದ್ದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿ ಬಿದ್ದು ಅವರು ಸಂಸ್ಕರಿಸಿದ ಟಿಪ್ಪಣಿಗಳು ಸುಟ್ಟುಹೋದ ಬಳಿಕ, ನೆನಪನ್ನೇ ಆಧರಿಸಿ ಅವರು ಬರೆದ ಗ್ರಂಥ 1976ರಲ್ಲಿ ಹೊರಬಂದಿತು. ಬರೆಯಬಲ್ಲವನೊಬ್ಬ ಬದುಕಿದ್ದುದರಿಂದ ರಾಂಪುರ ಉಳಿಯಿತು. ನೀರಿನಿಂದ ಚದುರಿಹೋದ ಊರಿಗೆ ಅಂತಹ ಅವಕಾಶ ಸಾಮಾನ್ಯವಾಗಿ ದೊರೆಯುವುದಿಲ್ಲ. ಶೆಟ್ಟಿಹಳ್ಳಿಯಲ್ಲಿ ಹುಟ್ಟಿ, ಅಲ್ಲಿಯೇ ದೀಕ್ಷಾಸ್ನಾನ ಪಡೆದು, ಅಣೆಕಟ್ಟಿನ ಕಾಲಕ್ಕೆ ವಯಸ್ಕರಾಗಿದ್ದವರು ಈಗ ಅರವತ್ತನ್ನು ದಾಟಿದ್ದಾರೆ. ಅವರ ನೆನಪು ಮತ್ತು ಧರ್ಮಕೇಂದ್ರದ ಪುಸ್ತಕ ಇವೆರಡನ್ನೂ ಮುಖಾಮುಖಿಯಾಗಿಸುವ ಕಾಲ ಕಿರಿದಾಗುತ್ತಿದೆ.

6. ಮುಂದಿನ ಕೆಲಸ

ಕರ್ನಾಟಕದ ಹೊರಗಿರುವ ಸಂಶೋಧಕರು ಈ ವಿಷಯದಲ್ಲಿ ಮಾಡಬಹುದಾದ ಕೆಲಸ ಕಡಿಮೆಯೇನಲ್ಲ. ಆಕರಗಳು ಚದುರಿರುವುದರಿಂದ ಅದು ಅನಿವಾರ್ಯವೂ ಹೌದು. ಜೆಸ್ವಿಟ್ ಕಾಲದ ಪತ್ರಗಳು ರೋಮಿನಲ್ಲಿಯೂ, ವಿದೇಶ ಮಿಷನ್ ಸಂಸ್ಥೆಯ ಪತ್ರಾಗಾರವು ಪ್ಯಾರಿಸಿನಲ್ಲಿಯೂ ಇವೆ. 1831ರಿಂದ 1881ರವರೆಗೆ ಮೈಸೂರು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದುದರಿಂದ ಆ ಕಾಲದ ಮೈಸೂರಿನ ವ್ಯವಹಾರಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿರುವ ವಿದೇಶಾಂಗ ಇಲಾಖೆಯ ಕಡತಗಳಲ್ಲಿ ಸೇರಿವೆ. ಧರ್ಮಪ್ರಾಂತ್ಯದ ಗಡಿಗಳು ಬದಲಾದುದನ್ನೂ ಗಮನದಲ್ಲಿಡಬೇಕು: ಹಾಸನ ಜಿಲ್ಲೆಯು ಮೊದಲು ಮೈಸೂರು ಧರ್ಮಪ್ರಾಂತ್ಯದಲ್ಲಿದ್ದು, 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯ ಸ್ಥಾಪನೆಯಾದಾಗ ಅದಕ್ಕೆ ಸೇರಿತು. ಒಂದೇ ಗ್ರಾಮದ ಪತ್ರವ್ಯವಹಾರವನ್ನು ಹುಡುಕುವವರು ಎರಡೂ ಕಡೆ ವಿಚಾರಿಸಬೇಕಾಗುತ್ತದೆ.

ಮೊದಲು ಆಗಬೇಕಾದ ಕೆಲಸಗಳನ್ನು ಹೀಗೆ ಗುರುತಿಸಬಹುದು. ಒಂದು, ಹಾಸನ ಸೀಮೆಯ ಹಳೆಯ ಧರ್ಮಕೇಂದ್ರಗಳ ಪುಸ್ತಕಗಳ ಸೂಚಿಯನ್ನು, ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಭಾಷೆಯಲ್ಲಿ ಎಂಬ ವಿವರದೊಡನೆ, ಧರ್ಮಪ್ರಾಂತ್ಯದ ಒಪ್ಪಿಗೆ ಪಡೆದು ಸಿದ್ಧಪಡಿಸುವುದು. ಎರಡು, ಲ್ಯಾಟಿನ್ ಮತ್ತು ಕನ್ನಡ ವ್ಯಕ್ತಿನಾಮಗಳ ಸಮೀಕರಣ ಕೋಶವೊಂದನ್ನು ರೂಪಿಸುವುದು. ಇದು ನಾಮಶಾಸ್ತ್ರಕ್ಕೂ ಉಪಯುಕ್ತ. ಮೂರು, ದ್ಯುಬುವಾನ ಗ್ರಂಥದ ಯಾವ ಅಧ್ಯಾಯಗಳು ಕ್ಯೂರ್ದುವಿನಿಂದ ಬಂದವು, ಯಾವ ಮಾತುಗಳು ಮೈಸೂರಿನ ಅನುಭವದಿಂದ ಬಂದವು ಎಂಬುದನ್ನು ಮ್ಯುರ್ ಅವರ ಅಧ್ಯಯನದ ಬೆಳಕಿನಲ್ಲಿ ಕನ್ನಡದ ಓದುಗರಿಗಾಗಿ ವಿಂಗಡಿಸಿ ತೋರಿಸುವುದು. ಈ ವಿಂಗಡಣೆಯಾಗುವ ತನಕ ಮೈಸೂರಿನ ಗ್ರಾಮಜೀವನಕ್ಕೆ ಆ ಗ್ರಂಥವನ್ನು ಆಧಾರವಾಗಿ ಉದ್ಧರಿಸುವುದು ಸಾಧುವಲ್ಲ.

ವ್ಯಕ್ತಿಗಳ ಹುಟ್ಟು, ಜಾತಿಮೂಲ ಮತ್ತು ವಿವಾಹಸಂಬಂಧಗಳು ಈ ಪುಸ್ತಕಗಳಲ್ಲಿ ಇರುವುದರಿಂದ ಸಮೀಪಕಾಲದ ನಮೂದುಗಳನ್ನು ಬಳಸುವಾಗ ಬದುಕಿರುವವರ ಮರ್ಯಾದೆಗೆ ಕುಂದು ಬಾರದಂತೆ ಎಚ್ಚರ ವಹಿಸುವುದು ಸಂಶೋಧಕರ ಹೊಣೆ.

ಸೆಲ್ಬೋರ್ನಿನ ಪಾದ್ರಿಯು ತನ್ನ ಊರಿನ ಜನರನ್ನು ಎಣಿಸಿ ಗ್ರಂಥದಲ್ಲಿಟ್ಟನು. ಸಾತಳ್ಳಿಯ ದೊಡ್ಡಸ್ವಾಮಿಯು ತನ್ನ ಊರಿನ ಜನರಿಗೆ ನೆಲೆ ಕಲ್ಪಿಸಿದನು, ಲಸಿಕೆ ಹಾಕಿಸಿದನು, ಆದರೆ ಗ್ರಂಥದಲ್ಲಿ ಬೇರೆ ಊರುಗಳನ್ನು ಬರೆದನು. ಅವನು ಬರೆಯದೆ ಬಿಟ್ಟ ಆ ಚರಿತ್ರೆಯನ್ನು ಕನ್ನಡದಲ್ಲಿ ಬರೆಯುವ ಕಾರ್ಯ ಇನ್ನು ನಮ್ಮದು.